ತಪಾಸಣೆಯ ತಾಲೀಮು

ತಪಾಸಣೆಗೆ ಮೇಲಿನವರು ಬರುತ್ತಾರೆಂಬ ಸುದ್ದಿ ಬಂದದ್ದೇ ತಡ, ಆ ನಿವಾಸದ ಗೋಡೆಗಳಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ವರ್ಷಗಳಿಂದ ಸಿಪ್ಪೆ ಬಿಟ್ಟುಕೊಂಡು ನಿಂತಿದ್ದ ಗೋಡೆಗೆ ತಿಳಿ ಹಳದಿ ಬಣ್ಣ ಬಳಿದರು. ಕಿಟಕಿಗಳಿಗೆ ಹೂವಿನ ಪರದೆ ಬಂತು. ಊಟದ ಮೇಜಿನ ನಟ್ಟನಡುವೆ ಬುಟ್ಟಿ ತುಂಬ ಸೇಬು ಬಂದು ಕೂತಿತು. ಅಲ್ಲಿದ್ದವರಲ್ಲೊಬ್ಬ ಆಸೆಪಟ್ಟು ಒಂದನ್ನು ಕಚ್ಚಿದ. ಹಲ್ಲಿಗೆ ಸಿಕ್ಕಿದ್ದು ಪ್ಲಾಸ್ಟಿಕ್ಕು. ಕಚ್ಚಿದ ಗುರುತು ಗೋಡೆಯ ಕಡೆಗೆ ಬರುವಂತೆ ಸೇಬನ್ನು ತಿರುಗಿಸಿಟ್ಟರು.

ತಮ್ಮನನ್ನು ನೋಡಲು ಬಂದಿದ್ದ ಅಕ್ಕ ಇದನ್ನೆಲ್ಲ ಬಾಗಿಲಲ್ಲೇ ನಿಂತು ನೋಡಿದಳು. ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು ಅವಳು. ಹರಿದದ್ದಕ್ಕೆ ಮೇಲಿನಿಂದ ತೇಪೆ ಹಾಕಿದರೆ ಹೇಗೆ ಕಾಣುತ್ತದೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಅದು ನಿಧಾನವಾಗಿ ಕಲಿಯುವ, ಆಟಿಸಂ ಇರುವ ದೊಡ್ಡವರು ಬದುಕುವ ಜಾಗ. ಮ್ಯಾನೇಜರ್ ಅವರನ್ನೆಲ್ಲ ‘ನಮ್ಮ ಮಕ್ಕಳು’ ಎನ್ನುತ್ತಿದ್ದ. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಅವನಿಗಿಂತ ಹೆಚ್ಚು ನರೆಗೂದಲಿತ್ತು. ಮಕ್ಕಳಾದ್ದರಿಂದ ಅವರು ಒಟ್ಟಿಗೆ ಏಳಬೇಕು, ಒಟ್ಟಿಗೆ ಸ್ನಾನ ಮಾಡಬೇಕು, ಹಸಿವಾಗಲಿ ಬಿಡಲಿ ಒಟ್ಟಿಗೆ ಉಣ್ಣಬೇಕು, ನಿದ್ದೆ ಬರಲಿ ಬಿಡಲಿ ಒಟ್ಟಿಗೆ ಮಲಗಬೇಕು. ವಾರಕ್ಕೊಮ್ಮೆ ‘ಸಮಾಜದೊಂದಿಗೆ ಬೆರೆಯುವ ಕಾರ್ಯಕ್ರಮ’. ಎಲ್ಲರನ್ನೂ ವ್ಯಾನಿಗೆ ತುಂಬಿ, ಕಿಟಕಿ ಮುಚ್ಚಿ, ಊರು ಒಂದು ಸುತ್ತು ಹಾಕಿಸಿ, ಒಬ್ಬರನ್ನೂ ಕೆಳಗಿಳಿಸದೆ ವಾಪಸು ತರುವುದು.

“ಸಮಾಜ ಎಲ್ಲಿ ಬೆರೀತಣ್ಣಾ?” ಎಂದು ಅಕ್ಕ ಒಮ್ಮೆ ಡ್ರೈವರನನ್ನು ಕೇಳಿದ್ದಳು.

“ಗಾಜಿನ ಆಚೆಯಿಂದ ಸಮಾಜ ಇವರನ್ನ ನೋಡುತ್ತೆ, ಈಚೆಯಿಂದ ಇವರು ಸಮಾಜಾನ ನೋಡ್ತಾರೆ. ಇಬ್ಬರಿಗೂ ಏನೂ ಅಪಾಯ ಆಗಲ್ಲ ಅಕ್ಕಾ. ನಾನು ಬರೀ ಸ್ಟೇರಿಂಗು, ನನ್ನನ್ನೇನ್ ಕೇಳ್ತೀರಾ,” ಎಂದಿದ್ದ ಅವನು.

ತಮ್ಮನಿಗೆ ಅಲ್ಲಿ ‘ಮೇಷ್ಟ್ರು’ ಎಂದು ಹೆಸರು. ಕುರ್ಚಿ ಸಾಲಿನಿಂದ ಒಂದಿಷ್ಟು ಆಚೆ ಸರಿದಿದ್ದರೆ ಸರಿ ಮಾಡುತ್ತಿದ್ದ. ಯಾರ ಅಂಗಿಯ ಗುಂಡಿಯಾದರೂ ತಪ್ಪು ಕಾಜಕ್ಕೆ ಹೋಗಿದ್ದರೆ “ತಪ್ಪು” ಎನ್ನುತ್ತಿದ್ದ. ಒಂದು ಸಲ ಕೇಳಿದ ಮಾತನ್ನು ಹೇಳಿದವರ ದನಿಯಲ್ಲೇ, ಅವರ ಕೆಮ್ಮು ಸೀನು ಸಮೇತ, ಹಾಗೆಹಾಗೇ ಒಪ್ಪಿಸುತ್ತಿದ್ದ. ನಲವತ್ತು ದಾಟಿದ ಗಂಡಸು. ಯಾರನ್ನೂ ಮುಟ್ಟುತ್ತಿರಲಿಲ್ಲ, ಯಾರಾದರೂ ಮುಟ್ಟಿದರೆ ಸಹಿಸುತ್ತಿರಲಿಲ್ಲ, ಸುಳ್ಳು ಹೇಳುವುದು ಅವನಿಗೆ ಒಗ್ಗುತ್ತಲೇ ಇರಲಿಲ್ಲ.

ಅವನಿಗೆ ಪ್ರಪಂಚದಲ್ಲಿ ಬೇಕಾಗಿದ್ದುದು ಒಂದೇ: ಸಂಜೆ ನಾಲ್ಕಕ್ಕೆ ತನ್ನ ಕೈಯಾರೆ ಚಹಾ ಮಾಡುವುದು. ಅಮ್ಮ ಕಲಿಸಿದ್ದಳು. ಕಲಿಸುವುದರಲ್ಲಿ ಎಷ್ಟೋ ಪಾತ್ರೆಗಳ ತಳ ಸುಟ್ಟಿತ್ತು, ಅಮ್ಮನ ತಾಳ್ಮೆಯ ತಳವೂ ಒಂದೆರಡು ಸಲ ಹತ್ತಿತ್ತು. ಕಲಿತ ಮೇಲೆ ಮಾತ್ರ ಮುಗಿಯಿತು. ಮುಳ್ಳು ನಾಲ್ಕಕ್ಕೆ ಬಂತೋ, ಇವನು ಎದ್ದ. ನೀರು, ಪುಡಿ, ಕುದಿ, ಹಾಲು, ಸಕ್ಕರೆ, ಇನ್ನೊಂದು ಕುದಿ, ಸೋಸು. ಮೊದಲ ಲೋಟ ಬಂದವರಿಗೆ, ಆಮೇಲಿನದು ಅಮ್ಮನಿಗೆ, ಕೊನೆಯದು ತನಗೆ. ಭೂಮಿ ನಡುಗಿದರೂ ಈ ಕ್ರಮ ತಪ್ಪುವಂತಿರಲಿಲ್ಲ. ಬಂದವರು “ಆಹಾ” ಎನ್ನುವವರೆಗೆ ಎದುರಿಗೇ ನಿಂತಿರುತ್ತಿದ್ದ. ಎಂದ ಮೇಲೆ ಅವನ ಮುಖ ನೋಡಬೇಕು!

ಅಮ್ಮ ಹೋದಳು. ಅಕ್ಕನ ಮನೆಯೆಂದರೆ ಅಂಗಡಿಯ ಹಿಂದಿನ ಒಂದು ಕೋಣೆ. ಹೊಲಿಗೆ ಯಂತ್ರಗಳು ಶುರುವಾದರೆ ತಮ್ಮ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಯಂತ್ರ ನಿಲ್ಲಿಸಿದರೆ ಅನ್ನ ನಿಲ್ಲುತ್ತದೆ. ಹಾಗಾಗಿ ಈ ನಿವಾಸ. ಹಾಗಾಗಿ, ಅಲ್ಲಿನ ಬೀಗ.

ನಿವಾಸದ ಅಡುಗೆಮನೆಗೆ ಹಗಲೂ ಬೀಗ. ಅಡುಗೆಯವಳು ಒಳಗಿದ್ದರೆ ಒಳಗಿನಿಂದ ಚಿಲಕ, ಹೊರಗಿದ್ದರೆ ಹೊರಗಿನಿಂದ ಮುಷ್ಟಿಗಾತ್ರದ ಕಬ್ಬಿಣದ ಬೀಗ. ನಾಲ್ಕಾಯಿತೆಂದರೆ ತಮ್ಮ ಆ ಬಾಗಿಲಿಗೆ ಹೋಗಿ, ನೆಂಟರ ಮನೆಗೆ ಬಂದವನಂತೆ ಮೆತ್ತಗೆ ತಟ್ಟುತ್ತಿದ್ದ. ಕಾಯುತ್ತಿದ್ದ. ಮತ್ತೆ ತಟ್ಟುತ್ತಿದ್ದ. ಆಮೇಲೆ ಅಂಗೈಯಿಂದ. ಆಮೇಲೂ ತೆರೆಯದಿದ್ದರೆ ಹಣೆಯಿಂದ. ಅವನ ಕಡತದಲ್ಲಿ ಬರೆದರು: ‘ಆಕ್ರಮಣಕಾರಿ ವರ್ತನೆ’. ಮಾತ್ರೆ ಕೊಟ್ಟು ಮಂಪರು ಬರಿಸಿದರು. ಬಾಗಿಲಿಗೆ ಹಣೆ ಕೊಟ್ಟವನು ಆಕ್ರಮಣಕಾರಿ. ಹಣೆಗೆ ಬಾಗಿಲು ಕೊಟ್ಟವರು ಸೇವಾಕರ್ತರು. ಈ ಲೋಕದ ನಿಘಂಟನ್ನು ಯಾವಾಗಲೂ ಕೀಲಿಕೈ ಇರುವವರೇ ಬರೆಯುವುದು.

ಬಣ್ಣದ ವಾಸನೆ ಇನ್ನೂ ಆರದ ಕಚೇರಿಯಲ್ಲಿ ಮ್ಯಾನೇಜರ್ ಅಕ್ಕನನ್ನು ಕೂರಿಸಿದ.

“ನೋಡಿ ಅಕ್ಕಾ, ನಿಮ್ಮ ತಮ್ಮನ್ನ ನನ್ನ ಸ್ವಂತ ತಮ್ಮ ಅನ್ನೋ ಹಾಗೆ ನೋಡ್ಕೊಂಡಿದೀನಿ.”

“ಹಂಗಾದ್ರೆ ಸ್ವಂತ ತಮ್ಮನಿಗೆ ಒಂದು ಲೋಟ ಚಹಾ ಮಾಡ್ಕೊಳ್ಳೋಕೆ ಬಿಡಿ ಸ್ವಾಮಿ.”

“ಸುರಕ್ಷತೆ ಅಕ್ಕಾ, ಸುರಕ್ಷತೆ! ಒಳಗೆ ಬೆಂಕಿ ಇದೆ, ಚಾಕು ಇದೆ, ಬಿಸಿನೀರಿದೆ.”

“ಮನೆ ಅಂದ್ಮೇಲೆ ಇರಲ್ವಾ?”

“ಇದು ಮನೆ ಅಲ್ಲ ಅಕ್ಕಾ... ಅಂದ್ರೆ, ಮನೇನೇ. ಹೊರಗಡೆ ಬೋರ್ಡಲ್ಲಿ ಬರೆಸಿದೀವಲ್ಲ.” ಮ್ಯಾನೇಜರ್ ನಾಲಿಗೆ ಕಚ್ಚಿಕೊಂಡು, ದನಿ ತಗ್ಗಿಸಿದ. “ವಿಷಯಕ್ಕೆ ಬರ್ತೀನಿ. ಗುಡ್ಡದ ಹಿಂದಿನ ದೊಡ್ಡ ಕಟ್ಟಡದಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ. ಬಾಗಿಲು ಚಚ್ಚೋರನ್ನೆಲ್ಲ ಅಲ್ಲಿಗೇ ಕಳಿಸೋದು. ನಾನು ಇನ್ನೂ ಹೆಸರು ಕೊಟ್ಟಿಲ್ಲ. ತಪಾಸಣೆ ಸಲೀಸಾಗಿ ಮುಗಿದ್ರೆ ಕೊಡೋದೂ ಇಲ್ಲ. ಸಲೀಸಾಗಿ ಮುಗಿಯೋದು ಸ್ವಲ್ಪ ನಿಮ್ಮ ಬಾಯಲ್ಲೂ ಇದೆ.”

ಆ ದೊಡ್ಡ ಕಟ್ಟಡವನ್ನು ಅಕ್ಕ ಬಲ್ಲಳು. ಅಲ್ಲಿನವರಿಗೆ ಅಂಗಿ ಹೊಲಿಯುವ ಕೆಲಸ ಒಮ್ಮೆ ಅವಳ ಅಂಗಡಿಗೆ ಬಂದಿತ್ತು. ಗುಂಡಿಗಳು ಬೆನ್ನಿನ ಕಡೆ ಇರಬೇಕು, ತೊಟ್ಟವರ ಕೈಗೆ ಎಟುಕಬಾರದು ಎಂದು ಹೇಳಿ ಕಳಿಸಿದ್ದರು. ಕೆಲಸ ಬೇಡವೆಂದು ಬಟ್ಟೆ ವಾಪಸು ಕಳಿಸಿದ ಮೇಲೂ ಎಷ್ಟೋ ದಿನ ಅವಳ ಬೆನ್ನಿನ ನಡುವೆ, ಕೈಗೆ ಎಟುಕದ ಜಾಗದಲ್ಲಿ, ಏನೋ ಕಡಿದಂತಾಗುತ್ತಿತ್ತು.

“ನಾನೇನು ಹೇಳ್ಬೇಕು?” ಎಂದಳು.

ಅದಕ್ಕಾಗಿಯೇ ತಾಲೀಮು ಶುರುವಾಯಿತು.

ದಿನಾ ಸಂಜೆ ನಾಲ್ಕಕ್ಕೆ ನಾಟಕ. ಅಧಿಕಾರಿಯ ಪಾತ್ರ ಡ್ರೈವರನದು. ಅಧಿಕಾರಿ ಎಂದರೆ ಕೋಟಿಲ್ಲದೆ ಆಗುತ್ತದೆಯೇ? ಮ್ಯಾನೇಜರ್ ತನ್ನ ಹಳೆಯ ಕಪ್ಪು ಕೋಟು ಕೊಟ್ಟ. ಅದರ ಜೇಬು ಹರಿದಿತ್ತು. ಬಿಟ್ಟಿಯಾಗಿ ಹೊಲಿದುಕೊಡುವ ಭಾಗ್ಯ ಅಕ್ಕನಿಗೆ ಬಂತು. ಮೊದಲ ದೃಶ್ಯ: ಡ್ರೈವರ್ ಅಡುಗೆಮನೆಯ ಬೀಗ ತೆಗೆದು, ಬೇರೆಲ್ಲಿಡಬೇಕೆಂದು ತೋಚದೆ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಹೊರಗೆ ಹೋಗಿ ಅಧಿಕಾರಿಯಾಗಿ ಒಳಗೆ ಬರುತ್ತಾನೆ. ಕುರ್ಚಿಯಲ್ಲಿ ಕೂರುತ್ತಾನೆ. ಬೀಡಿ ಸೇದಿ ಕೆಟ್ಟ ಗಂಟಲನ್ನು ಕೆಮ್ಮಿ ಸರಿಮಾಡಿಕೊಂಡು ಪ್ರಶ್ನೆ ಶುರು ಮಾಡುತ್ತಾನೆ.

“ಊಟ ತಿಂಡಿ ಏನು ಅಂತ ಯಾರಪ್ಪಾ ತೀರ್ಮಾನ ಮಾಡೋದು?”

“ನಾವೇ ಸಾರ್!” ಎಂದು ಎಲ್ಲರೂ ಕೂಗಬೇಕು.

ಆಮೇಲೆ ‘ಸ್ವಾವಲಂಬನೆ’ ಎಂಬ ದೃಶ್ಯ. ಅದಕ್ಕೆ ತಮ್ಮನಿಗಿಂತ ಒಳ್ಳೆಯ ನಟ ಎಲ್ಲಿ ಸಿಗಬೇಕು? ಅವನು ತೆರೆದ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದು ಮೊದಲ ಲೋಟವನ್ನು ಅಧಿಕಾರಿಗೆ ಕೊಡಬೇಕು. ಕೊಟ್ಟ. ಡ್ರೈವರ್ ಕುಡಿದು, ಪಾತ್ರ ಮರೆತು, “ಆಹಾ! ಏನ್ ಮೇಷ್ಟ್ರೇ ಇದು, ನಮ್ಮನೇಲೂ ಹಿಂಗೆ ಮಾಡಲ್ಲ!” ಎಂದ. ತಮ್ಮನ ಮುಖದಲ್ಲಿ, ಅಮ್ಮ ಹೋದಾಗಿನಿಂದ ಅಕ್ಕ ಕಾಣದಿದ್ದ ಆ ಹಳೆಯ ಬೆಳಕು ಬಂತು. ಅವಳು ಪರದೆಯ ತುದಿ ಹಿಡಿದು ಹೊಲಿಗೆ ಪರೀಕ್ಷಿಸುವವಳಂತೆ ಅತ್ತ ತಿರುಗಿಕೊಂಡಳು.

ತಲೆನೋವಾದದ್ದು ಮಹಾರಾಣಿಯದು. ಕಿಟಕಿಯ ಪಕ್ಕದ ಕುರ್ಚಿಯನ್ನು ಸಿಂಹಾಸನದಂತೆ ಆಳುತ್ತಿದ್ದ, ಎತ್ತರದ, ವಯಸ್ಸಾದ ಹೆಂಗಸು. ಅವಳ ಬಾಯಲ್ಲಿ ಇದ್ದುದು ಒಂದೇ ಮಾತು.

“ಏನಮ್ಮಾ, ನಿನಗೆ ಇಲ್ಲಿ ಇಷ್ಟಾನಾ?” ಎಂದು ಡ್ರೈವರ್ ಕೇಳಿದ.

“ಬೇಡ,” ಎಂದಳು ಮಹಾರಾಣಿ.

“ಊಟ ಚೆನ್ನಾಗಿದೆಯಾ?”

“ಬೇಡ.”

ಮ್ಯಾನೇಜರ್ ಚಪ್ಪಾಳೆ ತಟ್ಟಿ ನಿಲ್ಲಿಸಿದ. “ಇನ್ನೊಂದ್ಸಲ, ಮೊದಲಿಂದ!” ಇದು ಅವನ ಪಲ್ಲವಿ. ಯಾರು ಎಲ್ಲಿ ತಪ್ಪಿದರೂ ಇಡೀ ನಾಟಕ ಮತ್ತೆ ಮೊದಲಿನಿಂದ. ತಮ್ಮನಿಗೆ ಅದರಲ್ಲಿ ಬೇಸರವೇ ಇಲ್ಲ. ಮೊದಲಿನಿಂದ ಎಂದರೆ ಇನ್ನೊಂದು ಸಲ ಚಹಾ. ಕೊನೆಗೆ ಮ್ಯಾನೇಜರನ ತಲೆಗೆ ಉಪಾಯ ಹೊಳೆಯಿತು. ಮಹಾರಾಣಿಯ ಮಾತು ಬದಲಾಗದಿದ್ದರೆ ಪ್ರಶ್ನೆಯನ್ನೇ ಬದಲಾಯಿಸಿದರಾಯಿತು.

“ಏನಮ್ಮಾ, ನಿನಗೆ ಇಲ್ಲಿಂದ ಬೇರೆ ಕಡೆ ಹೋಗ್ಬೇಕಾ?”

“ಬೇಡ.”

“ನೋಡಿದ್ರಾ!” ಮ್ಯಾನೇಜರ್ ಉಬ್ಬಿಹೋದ. “ಎಷ್ಟು ಪ್ರೀತಿ ಇದೆ ಅವರಿಗೆ ಈ ಜಾಗದ ಮೇಲೆ!” ನಿಜವಾದ ಅಧಿಕಾರಿಗೆ ಪ್ರಶ್ನೆ ಹೇಳಿಕೊಡುವವರು ಯಾರು ಎಂಬುದು ಆ ಉತ್ಸಾಹದಲ್ಲಿ ಅವನಿಗೆ ಹೊಳೆಯಲಿಲ್ಲ.

ಅಕ್ಕನ ಮಾತು ಕೊನೆಯಲ್ಲಿ. “ನನ್ನ ತಮ್ಮ ಇಲ್ಲಿ ಬಹಳ ಸುಖವಾಗಿದ್ದಾನೆ. ನಮಗೆ ಯಾವ ಚಿಂತೆಯೂ ಇಲ್ಲ.” ದಿನಾ ಹೇಳಿದಳು. ಮೊದಲ ದಿನ ಮಾತು ತಡವರಿಸಿತು. ಬರಬರುತ್ತಾ ಹಳೇ ಯಂತ್ರಕ್ಕೆ ಎಣ್ಣೆ ಬಿದ್ದಂತೆ ಸರಾಗವಾಯಿತು. ಹೇಳುವಾಗೆಲ್ಲ ತಮ್ಮ ತುಟಿ ಅಲ್ಲಾಡಿಸುತ್ತಾ ಜೊತೆಗೇ ಹೇಳಿಕೊಳ್ಳುತ್ತಿದ್ದ. ಒಂದಕ್ಷರ ತಪ್ಪಿದರೂ “ತಪ್ಪು ಅಕ್ಕಾ” ಎನ್ನುತ್ತಿದ್ದ.

ನಾಟಕ ಮುಗಿದೊಡನೆ ಮ್ಯಾನೇಜರ್ ಸೊಂಟಕ್ಕೆ ಕೈಕೊಟ್ಟು, ಹೊಟ್ಟೆ ಮುಂದೆ ಮಾಡಿ ಕೂಗುತ್ತಿದ್ದ: “ಆಯ್ತು, ಸಾಕು ನಾಟಕ! ಬೀಗ ಜಡೀರಿ! ಇವಕ್ಕೊಂದು ಅಡುಗೆಮನೆ ಬೇರೆ ಕೇಡು!” ಆಗ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು. ಅಡುಗೆಯವಳು ಒಲೆ ಆರಿಸುತ್ತಿದ್ದಳು. ಡ್ರೈವರ್ ಸೇಬಿನ ಬುಟ್ಟಿಯನ್ನು ಎತ್ತಿ ಕಪಾಟಿನಲ್ಲಿಟ್ಟು, ಜೇಬಿನಿಂದ ಬೀಗ ತೆಗೆದು ಬಾಗಿಲಿಗೆ ಜಡಿದು, ಕೋಟು ಕಳಚುತ್ತಿದ್ದ. ಉಳಿದವರು ಸಾಲಾಗಿ ನಿಲ್ಲುತ್ತಿದ್ದರು. ವಿಚಿತ್ರವೆಂದರೆ ತಮ್ಮ ಬೀಗದ ತಂಟೆಗೆ ಹೋಗುತ್ತಿರಲಿಲ್ಲ. ಚಹಾ ಆಗಿತ್ತು, ಬೀಗ ನಾಟಕದ ಕೊನೆಯ ದೃಶ್ಯ, ಕೊನೆಯಿಲ್ಲದ ನಾಟಕ ಎಲ್ಲಾದರೂ ಉಂಟೇ? ಆ ದಿನಗಳಲ್ಲಿ ಅವನು ಒಂದು ಸಲವೂ ಬಾಗಿಲು ತಟ್ಟಲಿಲ್ಲ. ಮಾತ್ರೆಯನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಹಣೆಯ ಗಾಯ ಒಣಗಿ ಹಕ್ಕಳೆ ಉದುರಿತು.

ನಿಜವಾದ ಅಧಿಕಾರಿ ಬಂದೇಬಂದರು. ಮ್ಯಾನೇಜರ್ ಕಾರಿನ ಬಾಗಿಲು ತೆರೆಯಲು ಓಡಿದ, ಕಾರೇ ಇಲ್ಲ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಕುಳ್ಳನೆಯ ಹೆಂಗಸು ಬಸ್ಸಿಳಿದು ನಡೆದುಕೊಂಡು ಬಂದಿದ್ದರು. ಮ್ಯಾನೇಜರ್ ಮೊದಲು ಅವರನ್ನು ಸೋಪು ಮಾರುವವರೆಂದುಕೊಂಡು “ಇವತ್ತು ಬೇಡಮ್ಮ” ಎಂದುಬಿಟ್ಟಿದ್ದ. ಅಲ್ಲಿಗೆ ಅವನ ಅರ್ಧ ಜೀವ ಹೋಗಿತ್ತು.

ಉಳಿದರ್ಧವನ್ನು ತಮ್ಮ ತೆಗೆದ. ಅಧಿಕಾರಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವನು ಎದುರು ಬಂದು ನಿಂತು ಮೇಲಿಂದ ಕೆಳಗೆ ನೋಡಿ, “ತಪ್ಪು. ಕೋಟಿಲ್ಲ,” ಎಂದ.

“ಏನಪ್ಪಾ?”

“ಅಧಿಕಾರಿಗೆ ಕೋಟಿರಬೇಕು.”

ಮ್ಯಾನೇಜರ್ ಹಲ್ಲು ಕಿರಿದ. “ತಮಾಷೆ ಮೇಡಂ, ನಮ್ಮ ಮಕ್ಕಳು ಬಹಳ ತಮಾಷೆ.” ಅಷ್ಟರಲ್ಲಿ ತಮ್ಮ ಕಚೇರಿಯ ಬಾಗಿಲ ಹಿಂದೆ ನೇತಾಡುತ್ತಿದ್ದ ಕೋಟು ತಂದು ಎರಡು ಕೈಯಲ್ಲೂ ಬಿಡಿಸಿ ಹಿಡಿದಿದ್ದ. ಅಧಿಕಾರಿ ಅವನ ಮುಖ ನೋಡಿದರು, ಕೋಟು ನೋಡಿದರು, ಎದ್ದು ಸುಮ್ಮನೆ ತೋಳು ತೂರಿಸಿದರು. ಕೋಟು ಅವರ ಮೊಣಕಾಲಿಗೆ ಬಂತು. ಬೆರಳುಗಳು ತೋಳಿನೊಳಗೇ ಕಳೆದುಹೋದವು.

“ಈಗ ಸರಿಯಾ?”

“ಸರಿ. ಕೆಮ್ಮಿ.”

“ಯಾಕೆ?”

“ಮೊದಲು ಕೆಮ್ಮಬೇಕು. ಆಮೇಲೆ ಪ್ರಶ್ನೆ.”

ಅಧಿಕಾರಿ ಕೆಮ್ಮಿದರು. ಬಾಗಿಲ ಬಳಿ ನಿಂತಿದ್ದ ಡ್ರೈವರ್ ತನಗೆ ತಿಳಿಯದೆಯೇ ತಲೆಯಾಡಿಸಿದ, ಕೆಮ್ಮು ಚೆನ್ನಾಗಿತ್ತು.

ಅಲ್ಲಿಂದ ಎಲ್ಲ ಸಾಲಾಗಿ ನಡೆಯಿತು. “ನಾವೇ ಸಾರ್!” ಎಂದು ಎಲ್ಲರೂ ಮೇಡಂಗೆ ಕೂಗಿದರು. ಚಹಾ ಬಂತು. ಅಧಿಕಾರಿ ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದು “ಆಹಾ” ಎಂದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

“ದಿನಾ ನೀವೇ ಮಾಡ್ತೀರಾ?”

“ಕೋಟು ಬಂದ ದಿನ,” ಎಂದ ತಮ್ಮ.

ಮ್ಯಾನೇಜರ್ ನಡುವೆ ಬಾಯಿ ಹಾಕಿದ. “ಮೇಡಂ, ಇವರ ಅಕ್ಕ ಬಂದಿದಾರೆ, ಮಾತಾಡಿ.”

ಅಕ್ಕ ಎದ್ದು ನಿಂತಳು. ಗುಡ್ಡದ ಹಿಂದಿನ ಕಟ್ಟಡ ಕಣ್ಣ ಮುಂದೆ ಬಂತು. “ನನ್ನ ತಮ್ಮ ಇಲ್ಲಿ ಬಹಳ ಸುಖವಾಗಿದ್ದಾನೆ. ನಮಗೆ ಯಾವ ಚಿಂತೆಯೂ ಇಲ್ಲ.” ಒಂದಕ್ಷರ ತಪ್ಪಲಿಲ್ಲ. ತಮ್ಮ ಮೆಚ್ಚಿ ತಲೆಯಾಡಿಸಿದ. ಆ ಮೆಚ್ಚುಗೆ ಅವಳ ಉಗುರಿನ ಸಂದಿಗೆ ಸೂಜಿಯಂತೆ ನಾಟಿತು.

ಅಧಿಕಾರಿ ಮಹಾರಾಣಿಯ ಕಡೆಗೆ ತಿರುಗಿದರು. ಹೀಗೆ ತಿರುಗಿದಾಗ ಕೋಟಿನ ಜೇಬು ಕುರ್ಚಿಯ ಕೈಗೆ ಬಡಿದು ‘ಠಣ್’ ಎಂದಿತು. ಅಕ್ಕ ಕಿವಿ ನಿಮಿರಿಸಿದಳು. ಆ ಜೇಬನ್ನು ಹೊಲಿದವಳು ಅವಳು. ಅದು ಎಷ್ಟು ಭಾರಕ್ಕೆ ಎಷ್ಟು ಜೋಲುತ್ತದೆಂದು ಅವಳಿಗೆ ಗೊತ್ತು. ಡ್ರೈವರನ ಕಡೆ ನೋಡಿದಳು. ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಬೆಳಗ್ಗೆ ಬೀಗ ತೆಗೆದವನು, ರೂಢಿಯಂತೆ ಅದನ್ನು ಕೋಟಿನ ಜೇಬಿಗೆ ಹಾಕಿಟ್ಟಿದ್ದ.

“ಅಮ್ಮಾ, ನಿಮಗೆ ಇಲ್ಲಿ ಇಷ್ಟಾನಾ?” ಎಂದು ಅಧಿಕಾರಿ ಕೇಳಿದರು.

“ಬೇಡ,” ಎಂದಳು ಮಹಾರಾಣಿ.

“ಪ್ರಶ್ನೆ ಬೇಡ ಅಂತಿದಾರೆ ಮೇಡಂ,” ಎಂದ ಮ್ಯಾನೇಜರ್, “ಸುಸ್ತಾಗಿದಾರೆ.”

“ಮೇಡಂ ಪ್ರಶ್ನೆ ತಪ್ಪು,” ಎಂದ ತಮ್ಮ. “‘ಏನಮ್ಮಾ, ನಿನಗೆ ಇಲ್ಲಿಂದ ಬೇರೆ ಕಡೆ ಹೋಗ್ಬೇಕಾ?’ ಅಂತ ಕೇಳ್ಬೇಕು.”

ಅಧಿಕಾರಿ ಪೆನ್ನು ಕೆಳಗಿಟ್ಟರು. ಕುರ್ಚಿಯಲ್ಲಿ ಸರಿದು ಕೂತರು. ‘ಠಣ್’. ಈ ಸಲ ಮ್ಯಾನೇಜರನಿಗೂ ಕೇಳಿಸಿತು. ಅವನ ಮುಖದ ರಂಗು ಗೋಡೆಯ ಹೊಸ ಬಣ್ಣಕ್ಕೆ ಸರಿಹೊಂದಿತು. ಅವನು ಅಕ್ಕನ ಬಳಿ ಸರಿದು ಕಿವಿಯಲ್ಲಿ ಹೇಳಿದ: “ಕೋಟು ಬಿಚ್ಚಿಸಿ. ತೋಳು ಉದ್ದ, ಸರಿಮಾಡ್ತೀನಿ ಅನ್ನಿ. ಏನಾದ್ರೂ ಅನ್ನಿ. ಬೇಗ! ನಿಮ್ಮ ತಮ್ಮ ಇಲ್ಲೇ ಇರ್ಬೇಕು ತಾನೆ?”

ಅಕ್ಕ ಹೋಗಿ ಅಧಿಕಾರಿಯ ಮುಂದೆ ಮೊಣಕಾಲೂರಿ ಕೂತಳು. ಕೋಟಿನ ಅಂಚು ಕೈಯಲ್ಲಿ ಹಿಡಿದಳು. ಹಿಡಿದಷ್ಟು ಹೊತ್ತಿನಲ್ಲೇ ಅವಳ ತಲೆಯಲ್ಲಿ ಒಂದು ಹೊಲಿಗೆಯ ಎಳೆ ಸರಸರನೆ ಬಿಚ್ಚಿಕೊಂಡಿತು. ತಪಾಸಣೆ ಸಲೀಸಾಗಿ ಮುಗಿಯಿತು ಅಂದುಕೋ. ನಾಳೆ ತಾಲೀಮು ಇಲ್ಲ. ತಾಲೀಮಿಲ್ಲವೆಂದರೆ ಚಹಾ ಇಲ್ಲ. ಚಹಾ ಇಲ್ಲವೆಂದರೆ ನಾಲ್ಕಕ್ಕೆ ಇವನು ಬಾಗಿಲು ತಟ್ಟುತ್ತಾನೆ; ಮೊದಲು ಬೆರಳಿನಿಂದ, ಆಮೇಲೆ ಹಣೆಯಿಂದ. ಹಣೆ ತಗಲಿದ ದಿನ ಗುಡ್ಡದ ಹಿಂದಿನ ಹಾಸಿಗೆ. ಈ ಮನುಷ್ಯ ಮಾತು ಉಳಿಸಿಕೊಂಡರೂ ಅಷ್ಟೇ, ಮುರಿದರೂ ಅಷ್ಟೇ. ತಾನು ಇಷ್ಟು ದಿನ ಉರು ಹೊಡೆದ ಸುಳ್ಳು ತಮ್ಮನನ್ನು ಉಳಿಸುವ ಸುಳ್ಳಾಗಿರಲಿಲ್ಲ. ಬೀಗವನ್ನು ಉಳಿಸುವ ಸುಳ್ಳಾಗಿತ್ತು.

ಅವಳು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೊಂದಾಗಿ ಹಾಕಿದಳು. ಕಾಲರು ನೇರ ಮಾಡಿದಳು. “ನಿಮಗೆ ಚೆನ್ನಾಗಿ ಒಪ್ಪುತ್ತೆ ಮೇಡಂ,” ಎಂದಳು. “ಬಿಚ್ಚಬೇಡಿ. ಪೂರ್ತಿ ಮುಗಿಯೋವರೆಗೂ ಹಾಕ್ಕೊಂಡೇ ಇರಿ.”

ಮ್ಯಾನೇಜರ್ ಇಂಗು ತಿಂದ ಮಂಗನಂತೆ ನಿಂತ.

“ಮುಗೀತಲ್ಲಮ್ಮ, ಇನ್ನೇನಿದೆ?” ಎಂದು ಅಧಿಕಾರಿ ಎದ್ದರು.

“ಮುಗಿದಿಲ್ಲ,” ಎಂದ ತಮ್ಮ.

ಅವನು ನಡುಮನೆಯ ಮಧ್ಯಕ್ಕೆ ಬಂದ. ಸೊಂಟಕ್ಕೆ ಕೈಕೊಟ್ಟ. ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿದ. ಅವನ ಬಾಯಿಂದ ಮ್ಯಾನೇಜರನ ದನಿ, ಉಗುಳಿನ ಹನಿಯ ಸಮೇತ, ಹೊರಬಂತು:

“ಆಯ್ತು, ಸಾಕು ನಾಟಕ! ಬೀಗ ಜಡೀರಿ! ಇವಕ್ಕೊಂದು ಅಡುಗೆಮನೆ ಬೇರೆ ಕೇಡು!”

ಆಮೇಲೆ ನಡೆದದ್ದನ್ನು ತಡೆಯುವ ಶಕ್ತಿ ಯಾವ ಮ್ಯಾನೇಜರನಿಗೂ ಇರಲಿಲ್ಲ. ರೂಢಿ ಯಾರಪ್ಪನ ಮಾತು ಕೇಳುತ್ತದೆ? ಅಡುಗೆಯವಳು ಒಲೆ ಆರಿಸಿಬಿಟ್ಟಳು. ಎಲ್ಲರೂ ಎದ್ದು ಸಾಲಾಗಿ ನಿಂತರು. ಡ್ರೈವರ್ ಹೋಗಿ ಸೇಬಿನ ಬುಟ್ಟಿ ಎತ್ತಿಕೊಂಡು ಕಪಾಟಿನ ಕಡೆಗೆ ಅರ್ಧ ದಾರಿ ನಡೆದು, ಎಚ್ಚರಾಗಿ, ಬುಟ್ಟಿ ತಬ್ಬಿಕೊಂಡೇ ಕಲ್ಲಾದ. ಒಂದು ಸೇಬು ಉರುಳಿ ಅಧಿಕಾರಿಯ ಕಾಲ ಬಳಿಗೆ ಬಂತು, ಕಚ್ಚಿದ ಗುರುತು ಮೇಲಾಗಿ.

“ಬೀಗ ಜೇಬಲ್ಲಿದೆ,” ಎಂದು ತಮ್ಮ ಅಧಿಕಾರಿಗೆ ಸಮಾಧಾನದಿಂದ ನೆನಪಿಸಿದ. ಹೊಸಬರು ಪಾಪ, ಮರೆತಿದ್ದಾರೆ.

ಅಧಿಕಾರಿ ಉದ್ದನೆಯ ತೋಳು ಮಡಚಿ ಜೇಬಿಗೆ ಕೈಹಾಕಿದರು. ಮುಷ್ಟಿಗಾತ್ರದ ಕಬ್ಬಿಣ ಹೊರಬಂತು.

“ಅದು... ಗೇಟಿನದು ಮೇಡಂ,” ಎಂದ ಮ್ಯಾನೇಜರ್.

“ತಪ್ಪು,” ಎಂದ ತಮ್ಮ. “ಅಡುಗೆಮನೇದು.”

ಅಧಿಕಾರಿ ಅಕ್ಕನ ಕಡೆ ತಿರುಗಿದರು. “ನೀವು ಆಗ ಹೇಳಿದ್ರಲ್ಲಮ್ಮ, ಅದೂ ಪಾಠಾನಾ?”

“ಹೌದು ಮೇಡಂ. ಅದನ್ನ ಒಪ್ಪಿಸಿದ್ದಾಯ್ತು. ಈಗ ನನ್ನ ಸ್ವಂತದ್ದು ಹೇಳ್ಲಾ?”

ಹೇಳಿದಳು. ಬಾಗಿಲು ತಟ್ಟುವುದನ್ನು, ಹಣೆಯನ್ನು, ಮಾತ್ರೆಯನ್ನು, ಗುಡ್ಡದ ಹಿಂದಿನ ಹಾಸಿಗೆಯನ್ನು, ಬೆನ್ನಿಗೆ ಗುಂಡಿಯಿರುವ ಅಂಗಿಗಳನ್ನು. “ಇವನು ಕೇಳಿದ್ದು ಅರಮನೆ ಅಲ್ಲ ಮೇಡಂ, ಬಂದವರಿಗೆ ಒಂದು ಲೋಟ ಚಹಾ ಕೊಡೋ ಅಧಿಕಾರ. ಇವರನ್ನ ಬೆಂಕಿಯಿಂದ ಕಾಪಾಡ್ತೀವಿ, ನೀರಿಂದ ಕಾಪಾಡ್ತೀವಿ ಅಂತ ಹೇಳಿ ಹೇಳಿ, ಬದುಕೋದರಿಂದಲೇ ಕಾಪಾಡಿಬಿಟ್ಟಿದಾರೆ! ನಾನೂ ನಿಮ್ಮ ಹಾಗೆ ದಿನಾ ಒಲೆ ಹಚ್ತೀನಿ, ಕೈ ಸುಟ್ಕೋತೀನಿ. ನನಗ್ಯಾರೂ ಬೀಗ ಹಾಕಲ್ಲ. ಇವನಿಗ್ಯಾಕೆ?”

ಮಹಾರಾಣಿ ಕುರ್ಚಿಯಿಂದ ಕೈಯೆತ್ತಿ ಅಧಿಕಾರಿಯ ಕೈಯಲ್ಲಿದ್ದ ಬೀಗವನ್ನು ತೋರಿಸಿದಳು. “ಬೇಡ,” ಎಂದಳು.

ಈ ಸಲ ಅವಳ ಉತ್ತರಕ್ಕೆ ಹೊಂದುವಂತೆ ಪ್ರಶ್ನೆಯನ್ನು ಯಾರೂ ತಿರುಗಿಸಿ ಕೇಳಿರಲಿಲ್ಲ.

ಆಮೇಲೆ ಲೋಕವೇನೂ ಬದಲಾಗಲಿಲ್ಲ. ಅಷ್ಟು ಸುಲಭಕ್ಕೆ ಬದಲಾಗುವ ಲೋಕ ಇದಲ್ಲ. ಮ್ಯಾನೇಜರ್ ಮ್ಯಾನೇಜರನಾಗಿಯೇ ಉಳಿದ. ವರದಿಯನ್ನು ಯಾರಿಗೂ ನೋವಾಗದ ಭಾಷೆಯಲ್ಲಿ ಬರೆಯಲಾಯಿತು. ವ್ಯಾನಿನ ಕಿಟಕಿ ತೆರೆಸುವುದಕ್ಕೆ ಅಕ್ಕ ಇನ್ನೂ ಜಗಳವಾಡುತ್ತಲೇ ಇದ್ದಾಳೆ. ಆದರೆ ಅಧಿಕಾರಿ ಹೋಗುವಾಗ ಮೂರು ಮಾತು ಹೇಳಿ ಹೋಗಿದ್ದರು. ಅಡುಗೆಮನೆ ತೆರೆದಿರಬೇಕು. ಇಲ್ಲಿನ ಯಾರನ್ನೇ ಆಗಲಿ, ಅವರನ್ನೂ ಮನೆಯವರನ್ನೂ ಕೇಳದೆ ಎಲ್ಲಿಗೂ ಕಳಿಸಕೂಡದು. “ಮತ್ತೆ ನಾವು ಬರ್ತೀವಿ. ಯಾವಾಗ ಅಂತ ಹೇಳಲ್ಲ. ಯಾರು ಅಂತಾನೂ ಹೇಳಲ್ಲ.” ಬೀಗವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಕೋಟನ್ನು ಕಳಚಿ ತಮ್ಮನ ಕೈಗೇ ಕೊಟ್ಟು, ಬಸ್ಸು ಹಿಡಿದರು.

ಮೂರನೆಯ ಮಾತು ಮ್ಯಾನೇಜರನ ನಿದ್ದೆ ಕೆಡಿಸಿತು. ಯಾಕೆಂದರೆ ತಮ್ಮ ತಾಲೀಮು ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ಪೈಕಿಯವನಲ್ಲ. ನಾಲ್ಕಕ್ಕೆ ಯಾರು ಬಾಗಿಲಿಗೆ ಬಂದರೂ ಅವರಿಗೆ ಕೋಟು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಕೆಮ್ಮಿಸಿ, ಚಹಾ ಕೊಡುತ್ತಾನೆ. ಟಪಾಲಿನವನು ಅಧಿಕಾರಿಯಾದ. ಗ್ಯಾಸ್ ಸಿಲಿಂಡರ್ ತರುವವನು ಅಧಿಕಾರಿಯಾದ. ನಿಜಕ್ಕೂ ಸೋಪು ಮಾರಲು ಬಂದ ಹೆಂಗಸು ಅಧಿಕಾರಿಯಾಗಿ, ಸ್ನಾನದ ಮನೆಯೊಳಗೆಲ್ಲ ಇಣುಕಿ, “ಬಾಗಿಲಿಗೆ ಒಳಗಿಂದ ಚಿಲಕ ಇಲ್ವಲ್ರೀ, ಹೆಂಗ್ ಸ್ನಾನ ಮಾಡ್ತಾರೆ?” ಎಂದು ಮೂಗು ಮುರಿದು ಹೋದಳು. ಯಾರು ನಿಜ ಯಾರು ನಾಟಕ ಎಂದು ತಿಳಿಯದೆ, ಮ್ಯಾನೇಜರ್ ಎಲ್ಲರಿಗೂ ಎದ್ದು ನಿಂತು ಕೈಮುಗಿಯುತ್ತಾನೆ. ಸೋಪಿನವಳು ಬಂದುಹೋದ ಮರುದಿನವೇ ಸ್ನಾನದ ಮನೆಗೆ ಚಿಲಕಗಳು ಬಂದವು.

ಒಂದು ಸಂಜೆ ಬೇರೆ ಯಾರೂ ಬರಲಿಲ್ಲ. ಅಕ್ಕನೇ ಕೋಟು ತೊಟ್ಟು ಕೂತಳು. ಕೆಮ್ಮಿದಳು. ಚಹಾ ಬಂತು, ಬಂದವರ ಲೋಟ, ಮೊದಲ ಲೋಟ. “ಆಹಾ” ಎಂದಳು. ತಮ್ಮ ಬೆಳಗಿದ.

“ಅಕ್ಕಾ, ನಿನ್ನ ಮಾತು.”

ಅವಳು ಲೋಟ ಕೆಳಗಿಟ್ಟಳು. “ನನ್ನ ತಮ್ಮ ಇಲ್ಲಿ... ಪರವಾಗಿಲ್ಲ. ಇನ್ನೂ ಬೇಕಾದಷ್ಟು ಆಗಬೇಕು.”

“ತಪ್ಪು,” ಎಂದ ಅವನು ಹುಬ್ಬು ಗಂಟಿಕ್ಕಿ.

“ಹೌದಪ್ಪಾ. ಇನ್ಮೇಲೆ ಅದೇ.”

ಅವನು ಆ ಹೊಸ ಮಾತನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ. ಆಮೇಲೆ ಸೊಂಟಕ್ಕೆ ಕೈಕೊಟ್ಟು, ಮ್ಯಾನೇಜರನ ದನಿಯಲ್ಲಿ ಬೀಗ ಜಡಿಯಲು ಹೇಳಿದ. ಅಕ್ಕ ಜೇಬಿಗೆ ಕೈಹಾಕಲು ಹೋದಳು, ಬೆರಳು ತೂರಲಿಲ್ಲ. ಜೇಬಿನ ಬಾಯನ್ನು ಹಿಂದಿನ ವಾರ ತಾನೇ ಬಿಗಿಯಾಗಿ ಹೊಲಿದುಬಿಟ್ಟಿದ್ದಳು, ಜೋಡಿ ದಾರದಲ್ಲಿ.

“ಬೀಗ ಇಲ್ಲ ಕಣೋ,” ಎಂದಳು.

ಬೀಗವಿಲ್ಲದೆ ನಾಟಕ ಮುಗಿಯುವುದು ಹೇಗೆ? ಮುಗಿಯದ ನಾಟಕವನ್ನು ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಕಲಿಸಿದ್ದರು. ಒಳಗಿನ ಕಚೇರಿಯಲ್ಲಿ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತಿದ್ದಂತೆಯೇ, ಹೊರಗೆ ಅವನದೇ ಚಪ್ಪಾಳೆ ಕೇಳಿಸಿತು, ಅವನದೇ ದನಿ:

“ಇನ್ನೊಂದ್ಸಲ, ಮೊದಲಿಂದ!”

ತಮ್ಮ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದ. ನೀರು, ಪುಡಿ, ಕುದಿ. ಅಕ್ಕ ಕೋಟಿನ ತೋಳು ಮಡಚಿಕೊಂಡು, ಮತ್ತೊಮ್ಮೆ ಕೆಮ್ಮಲು ಗಂಟಲು ಸರಿಮಾಡಿಕೊಂಡಳು.